ಹಿತ್ತಲ ಗಿಡ ಮದ್ದಲ್ಲವೇ?

'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳಿಕೊಂಡು ಬಂದವರೇ. ಕೈಗೆ ಸುಲಭವಾಗಿ ದೊರೆಯುವ ವಸ್ತುವಿನ ಬೆಲೆ ಮನುಷ್ಯನಿಗೆ ತಿಳಿಯುವುದಿಲ್ಲ ಎಂಬುದೇ ಅದರ ತಾತ್ಪರ್ಯ. ಈ ಗಾದೆಯನ್ನು ನಮ್ಮ ಹೊಲದಲ್ಲಿಯೇ ಪರೀಕ್ಷಿಸಿ ನೋಡುವ ಪ್ರಸಂಗ ನನಗೆ ಒದಗಿಬಂದಿತು. ನಾನು ಕಲಾ ವಿಭಾಗದ ವಿದ್ಯಾರ್ಥಿ. ಕೀಟಶಾಸ್ತ್ರವನ್ನಾಗಲಿ ರಸಾಯನಶಾಸ್ತ್ರವನ್ನಾಗಲಿ ಕ್ರಮವಾಗಿ ಓದಿದವನಲ್ಲ. ಆದರೂ ಓದಿ ತಿಳಿದುದನ್ನೂ ಮಾಡಿ ಕಂಡುದನ್ನೂ ಸಹಪಾಠಿಗಳ ಮುಂದಿಡುವುದು ನನ್ನ ಕರ್ತವ್ಯವೆಂದು ಬಗೆದು ಈ ಲೇಖನವನ್ನು ಬರೆಯುತ್ತಿದ್ದೇನೆ. ನಮ್ಮಲ್ಲಿ ಹೆಚ್ಚಿನವರು ರೈತರ ಮಕ್ಕಳೇ ಆಗಿರುವುದರಿಂದ ವಿಷಯ ಯಾರಿಗೂ ದೂರದ್ದಾಗಲಾರದು.

ನಮ್ಮೂರು ಕಲಬುರಗಿ ಜಿಲ್ಲೆಯದು. ತೊಗರಿಯೇ ನಮ್ಮ ಜೀವನಾಧಾರ. ಮೂರು ವರ್ಷಗಳ ಹಿಂದೆ, ತೊಗರಿ ಹೂ ಬಿಟ್ಟು ಕಾಯಿ ಕಟ್ಟುವ ನವೆಂಬರ್ ತಿಂಗಳಿನಲ್ಲಿ, ನಮ್ಮ ಕಾಕಾ ಹೊಲದಲ್ಲಿ ಎಣ್ಣೆ ಹೊಡೆಯುತ್ತಿದ್ದರು. ನಮ್ಮ ಕಡೆ ಕ್ರಿಮಿನಾಶಕಕ್ಕೆ 'ಎಣ್ಣಿ' ಎಂದೇ ಹೆಸರು. ಮೂಗಿಗೆ ಬಟ್ಟೆಯಿಲ್ಲ, ಕೈಗೆ ಚೀಲವಿಲ್ಲ, ಗಾಳಿ ಎದುರಿನಿಂದ ಬೀಸುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅವರಿಗೆ ಮೈಯೆಲ್ಲ ಬೆವರಿ, ಕಣ್ಣು ಮಂಜಾಗಿ, ವಾಂತಿ ಹತ್ತಿ, ಸಾಲಿನ ನಡುವೆಯೇ ಕುಸಿದರು. ದವಾಖಾನೆಯಲ್ಲಿ ಕೆಲವು ದಿನ ಇರಬೇಕಾಯಿತು. ದೇವರ ದಯೆಯಿಂದ ಉಳಿದರು. ಆ ಎಣ್ಣೆ ಉದ್ರಿ ತಂದದ್ದು. ದವಾಖಾನೆಯ ಖರ್ಚು ಬೇರೆ. ಇಷ್ಟಾಗಿಯೂ ಹುಳ ಸಾಯಲಿಲ್ಲ. ಆ ರಾತ್ರಿ ನಮ್ಮ ಆಯಿ ಒಂದು ಮಾತು ಕೇಳಿದಳು: "ಕಾಳಿನ ಗಡಿಗ್ಯಾಗ ಬೇವಿನ ತಪ್ಪಲ ಹಾಕಿದ್ರ ಹುಳ ಹತ್ತಂಗಿಲ್ಲ. ಹೊಲಕ್ಕ ಮಾತ್ರ ಯಾಕ ಅದು ನಡಿಯಂಗಿಲ್ಲೋ ತಮ್ಮಾ?" ಉತ್ತರ ನನ್ನಲ್ಲಿರಲಿಲ್ಲ. ಅದನ್ನು ಹುಡುಕುತ್ತ ಹೋದುದರ ಫಲವೇ ಈ ಲೇಖನ.

ನಮ್ಮ ಶತ್ರು ಯಾರು?

ಔಷಧವನ್ನು ವಿಚಾರಿಸುವ ಮೊದಲು ರೋಗವನ್ನು ತಿಳಿಯುವುದು ಒಳಿತು. ತೊಗರಿಯನ್ನು ಹಾಳುಮಾಡುವ ಕೀಟಗಳಲ್ಲಿ ಕಾಯಿಕೊರಕವೇ ಅಗ್ರಗಣ್ಯ. ಶಾಸ್ತ್ರಜ್ಞರು ಇದನ್ನು ಹೆಲಿಕೋವರ್ಪ ಆರ್ಮಿಜೆರ ಎಂದು ಕರೆಯುತ್ತಾರೆ. ತೊಗರಿ ಮಾತ್ರವಲ್ಲ, ಕಡಲೆ, ಹತ್ತಿ, ಸೂರ್ಯಕಾಂತಿ, ಟೊಮೇಟೊ ಇವೆಲ್ಲವೂ ಇದರ ಆಹಾರವೇ. ಹೆಣ್ಣು ಪತಂಗವು ರಾತ್ರಿಯ ಹೊತ್ತು ಮೊಗ್ಗು, ಹೂ, ಎಳೆಗಾಯಿಗಳ ಮೇಲೆ ಒಂದೊಂದಾಗಿ ನೂರಾರು ಮೊಟ್ಟೆಗಳನ್ನಿಡುತ್ತದೆ. ಕೆಲವೇ ದಿನಗಳಲ್ಲಿ ಮೊಟ್ಟೆಯೊಡೆದು ಮರಿಹುಳು ಹೊರಬರುತ್ತದೆ. ಮೊದಲು ಅದು ಹೂವನ್ನೂ ಎಳೆಯ ಎಲೆಯನ್ನೂ ಕೆರೆದು ತಿನ್ನುತ್ತದೆ. ಬೆಳೆದಂತೆ ಕಾಯಿಗೆ ರಂಧ್ರ ಕೊರೆದು, ತಲೆಯನ್ನು ಒಳಗಿಟ್ಟು, ಹಿಂಭಾಗವನ್ನು ಹೊರಗೆ ಬಿಟ್ಟು ಕಾಳನ್ನು ತಿನ್ನುತ್ತದೆ. ಬೆಳೆಯುವ ಕಾಲದಲ್ಲಿ ಹಲವು ಸಲ ಪೊರೆ ಕಳಚುತ್ತದೆ. ಕೊನೆಗೆ ಮಣ್ಣಿನೊಳಗೆ ಇಳಿದು ಕೋಶಾವಸ್ಥೆಯನ್ನು ಕಳೆದು ಪತಂಗವಾಗಿ ಹಾರುತ್ತದೆ.

ಇಲ್ಲಿ ಎರಡು ಸಂಗತಿಗಳನ್ನು ವಾಚಕರು ನೆನಪಿನಲ್ಲಿಡಬೇಕು. ಒಂದು, ಹುಳು ಚಿಕ್ಕದಿರುವಾಗ ಗಿಡದ ಹೊರಗಿರುತ್ತದೆ, ದೊಡ್ಡದಾದ ಮೇಲೆ ಕಾಯಿಯಲ್ಲಿ ತಲೆ ಹುದುಗಿಸುತ್ತದೆ. ಎರಡು, ಪೊರೆ ಕಳಚದೆ ಅದು ಬೆಳೆಯಲಾರದು. ಮುಂದೆ ಹೇಳುವುದೆಲ್ಲವೂ ಈ ಎರಡು ಸಂಗತಿಗಳನ್ನೇ ಅವಲಂಬಿಸಿದೆ.

ವಿಷದ ದಾರಿ

1939ರಲ್ಲಿ ಸ್ವಿಟ್ಜರ್ಲೆಂಡಿನ ಪೌಲ್ ಮ್ಯೂಲರ್ ಎಂಬಾತ ಡಿ.ಡಿ.ಟಿ.ಯ ಕೀಟನಾಶಕ ಗುಣವನ್ನು ಕಂಡುಹಿಡಿದನು. ಅದಕ್ಕಾಗಿ 1948ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಕೀಟಗಳ ಕಾಟ ಇನ್ನು ಮುಗಿಯಿತೆಂದೇ ಜಗತ್ತು ಭಾವಿಸಿತು. ಆದರೆ ಈ ವಿಷವು ಬೇಗ ನಾಶವಾಗತಕ್ಕದ್ದಲ್ಲ. ಮಣ್ಣಿನಿಂದ ನೀರಿಗೆ, ನೀರಿನಿಂದ ಮೀನಿಗೆ, ಮೀನಿನಿಂದ ಹಕ್ಕಿಗೆ ಅದು ಏರುತ್ತ ಹೋಗುತ್ತದೆ. 1962ರಲ್ಲಿ ಅಮೆರಿಕದ ರೇಚಲ್ ಕಾರ್ಸನ್ ಬರೆದ 'ಸೈಲೆಂಟ್ ಸ್ಪ್ರಿಂಗ್' ಎಂಬ ಗ್ರಂಥ ಈ ಅಪಾಯದ ಕಡೆಗೆ ಲೋಕದ ಕಣ್ಣು ತೆರೆಸಿತು. ನಮ್ಮ ದೇಶದಲ್ಲಿ ಕೃಷಿಗೆ ಡಿ.ಡಿ.ಟಿ. ಬಳಸುವುದನ್ನು 1989ರಲ್ಲಿ ನಿಷೇಧಿಸಲಾಯಿತು. ಗೇರುತೋಟಗಳ ಮೇಲೆ ವಿಮಾನದಿಂದ ಎಂಡೋಸಲ್ಫಾನ್ ಸುರಿದ ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಹಳ್ಳಿಗಳ ಕಥೆ ಎಲ್ಲರಿಗೂ ಗೊತ್ತಿರುವುದೇ. ಆ ವಿಷವನ್ನು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತಡೆಹಿಡಿಯಿತು.

ಇನ್ನೊಂದು ತೊಡಕೂ ಇದೆ. ಒಂದೇ ವಿಷವನ್ನು ಮತ್ತೆ ಮತ್ತೆ ಹೊಡೆದಾಗ ದುರ್ಬಲ ಹುಳುಗಳು ಸಾಯುತ್ತವೆ. ತಡೆದುಕೊಳ್ಳಬಲ್ಲ ಕೆಲವು ಮಾತ್ರ ಉಳಿಯುತ್ತವೆ. ಮುಂದಿನ ಪೀಳಿಗೆ ಆ ಉಳಿದವುಗಳ ಸಂತಾನ. ಕಾಯಿಕೊರಕವು ಈ ವಿದ್ಯೆಯಲ್ಲಿ ಬಹು ನಿಪುಣವಾದುದು. 1980ರ ದಶಕದ ಉತ್ತರಾರ್ಧದಲ್ಲಿ ಆಂಧ್ರಪ್ರದೇಶದ ಹತ್ತಿಯ ಹೊಲಗಳಲ್ಲಿ ಎಷ್ಟು ಸಲ ಔಷಧ ಹೊಡೆದರೂ ಇದು ಬಗ್ಗಲಿಲ್ಲ. ಹುಳವನ್ನು ತಿನ್ನುವ ಜೇಡ, ಕಣಜ, ಹಕ್ಕಿಗಳು ಮಾತ್ರ ಅದೇ ವಿಷಕ್ಕೆ ಬಲಿಯಾಗುತ್ತವೆ. ಶತ್ರು ಉಳಿದು ಮಿತ್ರ ಸಾಯುವ ಈ ಯುದ್ಧದಲ್ಲಿ ರೈತನಿಗೆ ಉಳಿಯುವುದು ಸಾಲವೊಂದೇ.

ಗಿಡದ ಆತ್ಮರಕ್ಷಣೆ

ಗಿಡಕ್ಕೆ ಓಡಿಹೋಗಲು ಕಾಲಿಲ್ಲ, ಹೊಡೆದಟ್ಟಲು ಕೈಯಿಲ್ಲ. ಆದುದರಿಂದ ಕೋಟ್ಯಂತರ ವರ್ಷಗಳಿಂದ ಅದು ತನ್ನ ಎಲೆ, ಬೇರು, ಬೀಜಗಳಲ್ಲಿ ಕಹಿಯನ್ನೂ ಘಾಟನ್ನೂ ವಿಷವನ್ನೂ ಕೂಡಿಟ್ಟುಕೊಂಡಿದೆ. ಈ ಸಂಗತಿಯನ್ನು ನಮ್ಮ ಹಿರಿಯರು ಅರಿಯದವರಲ್ಲ. ಸುಮಾರು ಕ್ರಿ.ಶ. 1025ರಲ್ಲಿ ಎರಡನೆಯ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಸಾಹಿತ್ಯದ ತರಗತಿಯಲ್ಲಿ ಹೆಸರು ಮಾತ್ರ ಕೇಳಿದ್ದ ಆ ಗ್ರಂಥ ಹೊಲಕ್ಕೂ ಸಂಬಂಧಪಟ್ಟದ್ದೆಂದು ತಿಳಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಬೇರೆ ದೇಶಗಳವರೂ ಸಸ್ಯಸಾರಗಳನ್ನು ಬಳಸಿದ್ದಾರೆ. ಯೂರೋಪಿನ ಡಾಲ್ಮೇಷಿಯ ಪ್ರಾಂತದ ಪೈರಿಥ್ರಮ್ ಎಂಬ ಸೇವಂತಿಗೆಯ ಜಾತಿಯ ಹೂವನ್ನು ಒಣಗಿಸಿ ಪುಡಿಮಾಡಿದರೆ ಅದು ಕೀಟಗಳ ನರಗಳಿಗೆ ತಗಲಿ ಅವುಗಳನ್ನು ತಟ್ಟನೆ ಕೆಡವುತ್ತದೆ. ಮುಂದೆ ಈ ಹೂವನ್ನು ಕೀನ್ಯ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ಬೆಳೆದರು. ಜಪಾನಿನವರು ಇದೇ ಪುಡಿಯಿಂದ 1890ರ ಸುಮಾರಿಗೆ ಸೊಳ್ಳೆಬತ್ತಿಯನ್ನು ಮಾಡಿದರು. ತಂಬಾಕಿನ ನಿಕೋಟಿನ್, ಡೆರಿಸ್ ಎಂಬ ಬಳ್ಳಿಯ ಬೇರಿನ ರೊಟಿನೋನ್ ಇವೂ ಪ್ರಸಿದ್ಧವಾದವುಗಳೇ. ನಮ್ಮಲ್ಲಿ ಹೊಂಗೆಯ ಎಣ್ಣೆ, ಸೀತಾಫಲದ ಬೀಜ, ಬಜೆ, ಬೆಳ್ಳುಳ್ಳಿ ಮತ್ತು ಹಸಿಮೆಣಸಿನಕಾಯಿಯ ಕಷಾಯ ಮೊದಲಾದವು ಬಳಕೆಯಲ್ಲಿವೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಗಿಡದಿಂದ ಬಂದುದೆಲ್ಲವೂ ನಿರಪಾಯವೆಂದು ತಿಳಿಯುವುದು ದೊಡ್ಡ ತಪ್ಪು. ನಿಕೋಟಿನ್ ಚರ್ಮದ ಮೂಲಕವೂ ಮೈಯೊಳಗೆ ಸೇರಿ ಮನುಷ್ಯನನ್ನು ಕೊಲ್ಲಬಲ್ಲದು. ಅಲ್ಲದೆ ತಂಬಾಕಿನ ಎಲೆಯಲ್ಲಿರುವ ನಂಜುರೋಗ ಟೊಮೇಟೊ ಮತ್ತು ಮೆಣಸಿನ ಗಿಡಗಳಿಗೆ ಅಂಟುವ ಭಯವಿದೆ. ಡೆರಿಸ್ ಬೇರನ್ನು ಅನೇಕ ದೇಶಗಳಲ್ಲಿ ಮೀನು ಹಿಡಿಯುವುದಕ್ಕೆಂದೇ ನೀರಿಗೆ ಹಾಕುತ್ತಿದ್ದರು. ಕೆರೆಗೆ ಬಿದ್ದರೆ ಮೀನಿನ ಕುಲವೇ ಹೋದೀತು. ಸೀತಾಫಲದ ಬೀಜದ ಪುಡಿ ಕಣ್ಣಿಗೆ ಬಿದ್ದರೆ ಬಹಳ ಹಾನಿ. 'ನೈಸರ್ಗಿಕ' ಎಂಬ ಶಬ್ದಕ್ಕೆ ಮರುಳಾಗದೆ ಒಂದೊಂದನ್ನೂ ಅದರ ಗುಣದಿಂದ ಅಳೆಯತಕ್ಕದ್ದು.

ಬೇವಿನ ಮಹಿಮೆ

ಹೀಗೆ ಅಳೆದು ನೋಡಿದಾಗ ಬೇವಿಗೆ ಸಮನಾದುದು ಇನ್ನೊಂದಿಲ್ಲವೆಂದೇ ಹೇಳಬೇಕು. 1942ರಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಎಂಬ ರಸಾಯನಶಾಸ್ತ್ರಜ್ಞರು ಬೇವಿನ ಎಣ್ಣೆಯಿಂದ ನಿಂಬಿನ್ ಮೊದಲಾದ ಕಹಿ ಪದಾರ್ಥಗಳನ್ನು ಬೇರ್ಪಡಿಸಿದರು. 1959ರಲ್ಲಿ ಸುಡಾನ್ ದೇಶದಲ್ಲಿ ಮಿಡತೆಗಳ ದಂಡು ಬಂದಿಳಿದಾಗ ಸುತ್ತಲಿನ ಹಸಿರೆಲ್ಲ ಮಾಯವಾದರೂ ಬೇವಿನ ಮರಗಳು ಮಾತ್ರ ಹಾಗೆಯೇ ನಿಂತಿದ್ದುದನ್ನು ಜರ್ಮನಿಯ ಕೀಟಶಾಸ್ತ್ರಜ್ಞ ಹೈನ್ರಿಕ್ ಶ್ಮುಟರರ್ ಕಂಡರು. 1962ರಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪ್ರಧಾನ್ ಮತ್ತು ಅವರ ಸಂಗಡಿಗರು ಬೇವಿನ ಬೀಜದ ತಿರುಳನ್ನು ನೀರಿನಲ್ಲಿ ಕದಡಿ ಬೆಳೆಯ ಮೇಲೆ ಸಿಂಪಡಿಸಿದರು. ಮಿಡತೆಗಳು ಬಂದು ಕುಳಿತವು, ಆದರೆ ತಿನ್ನಲಿಲ್ಲ.

ಈ ಗುಣಕ್ಕೆ ಕಾರಣವಾದ ವಸ್ತುವನ್ನು 1968ರಲ್ಲಿ ಇಂಗ್ಲೆಂಡಿನ ಬಟರ್‌ವರ್ತ್ ಮತ್ತು ಮಾರ್ಗನ್ ಬೀಜದಿಂದ ಬೇರ್ಪಡಿಸಿ, ಅದಕ್ಕೆ ಅಜಾಡಿರಾಕ್ಟಿನ್ ಎಂದು ಹೆಸರಿಟ್ಟರು. ಅದರ ಒಂದು ಅಣುವಿನಲ್ಲಿ 35 ಇಂಗಾಲದ, 44 ಜಲಜನಕದ, 16 ಆಮ್ಲಜನಕದ ಪರಮಾಣುಗಳು ಅತ್ಯಂತ ಜಟಿಲವಾಗಿ ಹೆಣೆದುಕೊಂಡಿವೆ. ಇದನ್ನು ಪ್ರಯೋಗಶಾಲೆಯಲ್ಲಿ ಕೃತಕವಾಗಿ ತಯಾರಿಸಲು ಕೇಂಬ್ರಿಜ್‌ನ ಸ್ಟೀವನ್ ಲೇ ಅವರ ತಂಡಕ್ಕೆ 22 ವರ್ಷಗಳು ಹಿಡಿದವು. 2007ರಲ್ಲಿ ಅವರು ಯಶಸ್ವಿಯಾದರು. ಅಷ್ಟು ದೊಡ್ಡ ವಿದ್ವಾಂಸರಿಗೆ 22 ವರ್ಷ ಹಿಡಿದ ಕೆಲಸವನ್ನು ನಮ್ಮ ಊರ ಬೇವಿನ ಮರ ಪ್ರತಿ ಬೇಸಿಗೆಯಲ್ಲಿಯೂ ಸದ್ದಿಲ್ಲದೆ ಮಾಡಿ ಮುಗಿಸುತ್ತದೆ!

ಅಜಾಡಿರಾಕ್ಟಿನ್ ಕೆಲಸ ಮಾಡುವ ಬಗೆ ವಿಶೇಷವಾದುದು. ಮೊದಲನೆಯದಾಗಿ, ಹುಳದ ಬಾಯಿಯ ಬಳಿಯಿರುವ ರುಚಿಯ ಅಂಗಗಳಿಗೆ ಇದು ತಗಲಿದೊಡನೆ ಅನೇಕ ಜಾತಿಯ ಹುಳಗಳು ತಿನ್ನುವುದನ್ನೇ ಬಿಡುತ್ತವೆ. ಎರಡನೆಯದಾಗಿ, ತಿಂದರೂ ಹುಳದ ಮೈಯಲ್ಲಿ ಪೊರೆ ಕಳಚಲು ಬೇಕಾದ ರಸದ ಏರ್ಪಾಡು ಕೆಡುತ್ತದೆ. ಹಳೆಯ ಪೊರೆಯೊಳಗೇ ಸಿಕ್ಕಿಬಿದ್ದು ಅದು ಸಾಯುತ್ತದೆ, ಇಲ್ಲವೆ ಅಂಗಹೀನವಾಗುತ್ತದೆ. ಮೂರನೆಯದಾಗಿ, ಬೇವಿನ ಸಾರ ಹತ್ತಿದ ಗಿಡದ ಮೇಲೆ ಅನೇಕ ಪತಂಗಗಳು ಮೊಟ್ಟೆಯಿಡಲು ಹಿಂಜರಿಯುತ್ತವೆ. ಎಲೆಯನ್ನು ತಿನ್ನುವ ಹುಳಕ್ಕೇ ಇದು ಹೆಚ್ಚಾಗಿ ತಟ್ಟುವುದರಿಂದ ಜೇಡ, ಕಣಜ ಮೊದಲಾದ ಮಿತ್ರಜೀವಿಗಳಿಗೆ ಹಾನಿ ಕಡಿಮೆ. ಆದರೆ ಇದು ತಟ್ಟನೆ ಕೊಲ್ಲುವ ವಿಷವಲ್ಲ. ಬೆಳಿಗ್ಗೆ ಹೊಡೆದು ಸಂಜೆಗೆ ಸತ್ತ ಹುಳಗಳನ್ನು ಎಣಿಸಬೇಕೆನ್ನುವವರಿಗೆ ಇದು ಹಿಡಿಸಲಾರದು.

ಈ ಬೇವಿಗಾಗಿ ಒಂದು ವ್ಯಾಜ್ಯವೂ ನಡೆದಿತ್ತು. ಬೇವಿನ ಎಣ್ಣೆಯಿಂದ ಬೆಳೆಗಳ ಬೂಷ್ಟು ರೋಗವನ್ನು ತಡೆಯುವ ವಿಧಾನಕ್ಕೆ ಅಮೆರಿಕದ ಕೃಷಿ ಇಲಾಖೆ ಮತ್ತು ಗ್ರೇಸ್ ಎಂಬ ಕಂಪನಿ 1994ರಲ್ಲಿ ಯೂರೋಪಿನ ಪೇಟೆಂಟ್ ಪಡೆದಿದ್ದವು. ವಂದನಾ ಶಿವಾ ಮೊದಲಾದವರು ಇದನ್ನು ಪ್ರಶ್ನಿಸಿದರು. 2000ದಲ್ಲಿ ಪೇಟೆಂಟ್ ರದ್ದಾಯಿತು. 2005ರಲ್ಲಿ ಮೇಲ್ಮನವಿಯೂ ವಜಾ ಆಯಿತು. ಪರದೇಶದವರು ಹಕ್ಕು ಸಾಧಿಸಲು ಬಂದ ಮರದ ಬೀಜವನ್ನು ನಾವು ಕಸದೊಡನೆ ಗುಡಿಸಿ ಎಸೆಯುತ್ತಿದ್ದೆವಲ್ಲಾ ಎಂದು ಓದುವಾಗ ನಾಚಿಕೆಯೆನಿಸಿತು.

ನನ್ನ ಮೊದಲ ಸೋಲು

ಇಷ್ಟೆಲ್ಲ ಓದಿಕೊಂಡು ಎರಡು ವರ್ಷಗಳ ಹಿಂದೆ ನಾನು ಉತ್ಸಾಹದಿಂದ ಕೆಲಸಕ್ಕೆ ತೊಡಗಿದೆ. ಅಟ್ಟದ ಮೇಲೆ ಎಂದೋ ಕಟ್ಟಿಟ್ಟಿದ್ದ ಚೀಲದಲ್ಲಿ ಬೇವಿನ ಬೀಜಗಳಿದ್ದವು. ಅವನ್ನು ಕುಟ್ಟಿ, ನೀರಿನಲ್ಲಿ ಒಂದು ಗಂಟೆ ನೆನೆಹಾಕಿ, ಮಧ್ಯಾಹ್ನದ ಬಿಸಿಲಿನಲ್ಲಿ ಹೊಡೆದೆ. ಅಪ್ಪ ಬದುವಿನ ಮೇಲೆ ನಿಂತು ನೋಡಿದರು. "ಹುಳಕ್ಕ ಕಷಾಯ ಕುಡಸ್ಲಿಕ್ಕೆ ಕಾಲೇಜಿಗೆ ಹೋಗ್ಬೇಕಾಯ್ತೇನೋ ತಮ್ಮಾ?" ಎಂದು ನಕ್ಕರು. ವಾರ ಕಳೆದರೂ ಹುಳಗಳು ಕಾಯಿಯಲ್ಲಿ ಸುಖವಾಗಿದ್ದವು. ಅಪ್ಪ ಮತ್ತೆ ಪೇಟೆಯಿಂದ ಎಣ್ಣೆ ತಂದರು.

ಹೀಗೇಕಾಯಿತೆಂದು ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರೊಡನೆ ಹೇಳಿಕೊಂಡೆ. ಅವರು ಎಲ್ಲವನ್ನೂ ಕೇಳಿ, "ಹೋಲಿಸಿ ನೋಡುವುದಕ್ಕೆ ಎಷ್ಟು ಸಾಲುಗಳನ್ನು ಬಿಟ್ಟಿದ್ದೆ?" ಎಂದರು. ಒಂದನ್ನೂ ಬಿಟ್ಟಿರಲಿಲ್ಲ. "ಹಾಗಿದ್ದರೆ ಗೆದ್ದಿದ್ದರೂ ಅದು ಬೇವಿನಿಂದಲೇ ಗೆದ್ದದ್ದೆಂದು ಹೇಗೆ ಹೇಳುತ್ತಿದ್ದೆ?" ಎಂದು ಕೇಳಿದರು. ಆ ಪ್ರಶ್ನೆ ನನ್ನ ಮನಸ್ಸಿನಲ್ಲಿ ನಾಟಿತು.

ಪುನಃ ಓದಿದಾಗ ನನ್ನ ತಪ್ಪುಗಳು ಒಂದೊಂದಾಗಿ ತಿಳಿದವು. ಬೀಜ ಹಳೆಯದು, ಬೂಷ್ಟು ಹಿಡಿದಿತ್ತು. ನೆನೆಸಿದ ಕಾಲ ಸಾಲದು. ಅಜಾಡಿರಾಕ್ಟಿನ್ ಬಿಸಿಲಿಗೆ ಬೇಗ ಕೆಡುವ ವಸ್ತು. ನಾನು ಹೊಡೆದದ್ದೋ ನಡುಮಧ್ಯಾಹ್ನ. ಎಲ್ಲಕ್ಕಿಂತ ಮಿಗಿಲಾಗಿ, ಹುಳಗಳು ದೊಡ್ಡವಾಗಿ ಕಾಯಿಯೊಳಗೆ ಸೇರಿದ ಮೇಲೆ ನಾನು ಎಚ್ಚೆತ್ತಿದ್ದೆ. ತಪ್ಪು ಬೇವಿನದಲ್ಲ, ನನ್ನದು.

ತಯಾರಿಸುವ ಕ್ರಮ

ಈಗ ಸರಿಯಾದ ಕ್ರಮವನ್ನು ಹೇಳುತ್ತೇನೆ. ಮೇ ಕೊನೆಯಿಂದ ಜುಲೈವರೆಗೆ ಉದುರುವ ಮಾಗಿದ ಹಣ್ಣುಗಳನ್ನು ಆರಿಸಬೇಕು. ಸಿಪ್ಪೆ ಮತ್ತು ತೊಳೆಯನ್ನು ತಿಕ್ಕಿ ತೆಗೆದು, ತೊಳೆದು, ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಗಾಳಿಯಾಡುವ ಗೋಣಿಚೀಲದಲ್ಲಿ ಇಡಬೇಕು. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ. ಮೂರರಿಂದ ಎಂಟು ತಿಂಗಳೊಳಗಿನ ಬೀಜ ಉತ್ತಮ. ಜೂನಿನಲ್ಲಿ ಆರಿಸಿದ ಬೀಜ ತೊಗರಿ ಹೂ ಬಿಡುವ ಹೊತ್ತಿಗೆ ಸರಿಯಾಗಿ ಹದಕ್ಕೆ ಬಂದಿರುತ್ತದೆ.

ನೂರು ಲೀಟರ್ ಸಿಂಪಡಣೆಗೆ 5 ಕಿಲೋ ತಿರುಳು ಬೇಕು. 16 ಲೀಟರಿನ ಬೆನ್ನಿನ ಪಂಪಿಗಾದರೆ 800 ಗ್ರಾಂ. ತಿರುಳನ್ನು ಎಣ್ಣೆ ಬಿಡದಂತೆ ಹಗುರವಾಗಿ ಕುಟ್ಟಿ ಪುಡಿಮಾಡಿ, 10 ಲೀಟರ್ ನೀರಿನಲ್ಲಿ ಇಡೀ ರಾತ್ರಿ ನೆನೆಯಿಡಬೇಕು. ಮರುದಿನ ಮರದ ಕೋಲಿನಿಂದ ಚೆನ್ನಾಗಿ ಕಲಕಿ, ಎರಡು ಪದರು ತೆಳ್ಳನೆಯ ಬಟ್ಟೆಯಲ್ಲಿ ಸೋಸಬೇಕು. ಇಲ್ಲವಾದರೆ ಪಂಪಿನ ಮೂತಿ ಕಟ್ಟಿಕೊಳ್ಳುತ್ತದೆ. ಎಲೆಗೆ ಅಂಟಿಕೊಳ್ಳುವಂತೆ 200 ಗ್ರಾಂ ಸಾಬೂನನ್ನು ಬೇರೆ ನೀರಿನಲ್ಲಿ ಕರಗಿಸಿ ಸೇರಿಸಿ, ಒಟ್ಟು ನೂರು ಲೀಟರ್ ಆಗುವಷ್ಟು ನೀರು ಬೆರೆಸಬೇಕು. ಸಂಜೆ ಬಿಸಿಲು ಇಳಿದ ಮೇಲೆ, ಎಲೆಯ ಮೇಲೂ ಕೆಳಗೂ ತಾಗುವಂತೆ ಹೊಡೆಯಬೇಕು. ಆ ಹೊತ್ತಿಗೆ ಜೇನುಹುಳುಗಳೂ ಗೂಡು ಸೇರಿರುತ್ತವೆ. ಮಾಡಿದ ಕಷಾಯವನ್ನು ಅದೇ ದಿನ ಮುಗಿಸಬೇಕು. ಇಟ್ಟರೆ ಶಕ್ತಿ ಕುಂದುತ್ತದೆ. ಉಳಿದುದನ್ನು ಕೆರೆ ಬಾವಿಗಳಿಗೆ ಚೆಲ್ಲಬಾರದು; ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಬೇಕು.

ಯಾವಾಗ ಹೊಡೆಯಬೇಕೆಂಬುದು ಎಷ್ಟು ಹೊಡೆಯಬೇಕೆಂಬುದಕ್ಕಿಂತ ಮುಖ್ಯ. ಹೂ ಬಿಡಲು ಆರಂಭವಾದಂದಿನಿಂದ ವಾರಕ್ಕೆ ಎರಡು ಸಲವಾದರೂ ಗಿಡಗಳನ್ನು ನೋಡಬೇಕು. ಗಿಡವೊಂದಕ್ಕೆ ಎರಡು ಮೊಟ್ಟೆ ಅಥವಾ ಒಂದು ಮರಿಹುಳು ಕಂಡರೆ ಕೈಕಟ್ಟಿ ಕೂರಬಾರದೆಂದು ಕೃಷಿತಜ್ಞರು ಹೇಳುತ್ತಾರೆ.

ಎರಡನೆಯ ಸಲ

ಕಳೆದ ವರ್ಷ ಜೂನಿನಲ್ಲಿ ಆಯಿಯೂ ನಾನೂ ಗುಡಿಯ ಮುಂದಿನ ಮರದಡಿ ಹಣ್ಣು ಆರಿಸಿದೆವು. ನವೆಂಬರಿನಲ್ಲಿ ಹೊಲದ ಒಂದು ಬದಿಗೆ ಕಷಾಯ ಹೊಡೆದೆ. ನಡುವೆ ಮೂರು ಸಾಲುಗಳಿಗೆ ಬರೀ ಸಾಬೂನಿನ ನೀರು ಹೊಡೆದೆ. ಏಕೆಂದರೆ ಸಾಬೂನೂ ಮೆತ್ತಗಿನ ಮೈಯ ಕೀಟಗಳನ್ನು ಕೊಲ್ಲಬಲ್ಲದು, ಅದರ ಪುಣ್ಯ ಬೇವಿಗೆ ಸೇರಬಾರದು. ಇನ್ನು ಮೂರು ಸಾಲುಗಳಿಗೆ ಏನನ್ನೂ ಹೊಡೆಯಲಿಲ್ಲ.

ಮೂರನೆಯ ದಿನ ವ್ಯತ್ಯಾಸ ಕಾಣಲಿಲ್ಲ. ಅಪ್ಪ ಏನೂ ಅನ್ನಲಿಲ್ಲ. ಒಂದು ವಾರದ ಮೇಲೆ ಕಷಾಯ ಹೊಡೆದ ಸಾಲುಗಳಲ್ಲಿ ಮರಿಹುಳಗಳು ಕಡಿಮೆಯಾಗಿದ್ದವು. ಇದ್ದವೂ ಬೆಳೆಯದೆ ಕಪ್ಪಗಾಗಿ ಮಂದವಾಗಿದ್ದವು. ಒಂದೆರಡು ಅರ್ಧ ಕಳಚಿದ ಪೊರೆಯಲ್ಲಿಯೇ ಒಣಗಿದ್ದವು. ಸಾಬೂನಿನ ಸಾಲುಗಳಿಗೂ ಬಿಟ್ಟ ಸಾಲುಗಳಿಗೂ ಹೆಚ್ಚು ಭೇದವಿರಲಿಲ್ಲ. ಆದರೆ ಪೂರ್ಣ ಸತ್ಯವನ್ನು ಹೇಳಬೇಕು. ಮೊದಲೇ ಕಾಯಿ ಹೊಕ್ಕಿದ್ದ ದೊಡ್ಡ ಹುಳಗಳಿಗೆ ಕಷಾಯ ಏನೂ ಮಾಡಲಿಲ್ಲ. ಅವನ್ನು ಗಿಡ ಅಲುಗಾಡಿಸಿ ಉದುರಿಸಿ ಆರಿಸಬೇಕಾಯಿತು. ನಡುವೆ ಮೋಡ ಕವಿದ ದಿನಗಳಲ್ಲಿ ಮತ್ತೆ ಮೊಟ್ಟೆಗಳು ಕಂಡವು. ಎರಡನೆಯ ಸಲ ಹೊಡೆಯಬೇಕಾಯಿತು. ಹೊಲದ ಆಚೆ ಬದಿಗೆ ಹುಳ ಹೆಚ್ಚಾದಾಗ ಅಪ್ಪ ಒಂದು ಸಲ ಎಣ್ಣೆಯನ್ನೂ ಹೊಡೆಸಿದರು. ಹಿಂದೆ ನಾಲ್ಕು ಸಲ ಹೊಡೆಯುತ್ತಿದ್ದವರು ಒಂದಕ್ಕೆ ಇಳಿದರು. ಹಕ್ಕಿಗಳು ಕೂರಲೆಂದು ಅಲ್ಲಲ್ಲಿ ಕೋಲು ನೆಟ್ಟದ್ದೂ ಪ್ರಯೋಜನಕ್ಕೆ ಬಂದಿತು.

ಖರ್ಚಿನ ವಿಷಯವನ್ನೂ ಮರೆಯಬಾರದು. ಬೀಜಕ್ಕೆ ಹಣ ಕೊಡಲಿಲ್ಲ ನಿಜ. ಆದರೆ ಆರಿಸಲು, ಕುಟ್ಟಲು, ಸೋಸಲು ಮನೆಮಂದಿಯ ದುಡಿಮೆ ಬೇಕಾಯಿತು. ದುಡಿಮೆಗೆ ಬೆಲೆಯಿಲ್ಲವೆಂದು ಲೆಕ್ಕ ಹಾಕುವುದು ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಭೂಷಣವಲ್ಲ. ದೊಡ್ಡ ಹೊಲದವರು ಅಂಗಡಿಯಲ್ಲಿ ದೊರೆಯುವ ಬೇವಿನ ಔಷಧವನ್ನು ಅಜಾಡಿರಾಕ್ಟಿನ್ ಪ್ರಮಾಣ ನೋಡಿ ಕೊಳ್ಳಬಹುದು.

ಮುಕ್ತಾಯ

ಹಾಗಾದರೆ ಹಿತ್ತಲ ಗಿಡ ಮದ್ದು ಹೌದೋ ಅಲ್ಲವೋ? ಹಳೆಯದೆಂದು ಹೊಗಳುವುದರಿಂದ ಅದು ಮದ್ದಾಗುವುದಿಲ್ಲ. ಹಳೆಯದೆಂದು ಹಳಿಯುವುದರಿಂದ ಅದರ ಗುಣ ಹೋಗುವುದೂ ಇಲ್ಲ. ಕಾಲವರಿತು, ಅಳತೆಯರಿತು, ಹೋಲಿಸಿ ನೋಡಿ ಬಳಸಿದರೆ ಅದು ಮದ್ದು. ಹಾಗಲ್ಲದೆ ಹೊಡೆದರೆ ಕಹಿ ನೀರು ಮಾತ್ರ. ಆಯಿಯ ಪ್ರಶ್ನೆಗೆ ನನಗೆ ದೊರೆತ ಉತ್ತರ ಇಷ್ಟೇ.

ಕಾಕಾ ಮೂರು ವರ್ಷಗಳಿಂದ ಎಣ್ಣೆಯ ಡಬ್ಬಿಯನ್ನು ಮುಟ್ಟಿಲ್ಲ. ಆ ವಾಸನೆ ಬಂದರೆ ಇಂದಿಗೂ ಅವರಿಗೆ ಹೊಟ್ಟೆ ತೊಳಸುತ್ತದೆ. ಕಳೆದ ವರ್ಷ ಎರಡನೆಯ ಸಿಂಪಡಣೆಯ ಸಂಜೆ ಅವರೇ ಬಂದು, "ಇದನ್ನ ನಾ ಹೊಡೀತೀನಿ, ಕೊಡು" ಎಂದು ಪಂಪನ್ನು ನನ್ನ ಬೆನ್ನಿನಿಂದ ಇಳಿಸಿಕೊಂಡರು. ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಹೊಡೆಯಿರೆಂದು ಹೇಳಿದೆ, ಕಟ್ಟಿಕೊಂಡರು.

ನಮ್ಮ ಕಾಲೇಜಿನ ಅಂಗಳದಲ್ಲಿಯೂ ಬೇವಿನ ಮರಗಳಿವೆ. ಜೂನ್ ತಿಂಗಳಿನಲ್ಲಿ ಪ್ರವೇಶದ ಅರ್ಜಿ ಹಿಡಿದು ಓಡಾಡುವಾಗ ನಾವು ಆ ಹಣ್ಣುಗಳನ್ನು ತುಳಿದುಕೊಂಡೇ ಹೋಗುತ್ತೇವೆ; ಮರುದಿನ ಅವು ಕಸದೊಡನೆ ಸುಟ್ಟುಹೋಗುತ್ತವೆ. ಈ ಸಲ ಊರಿಗೆ ಹೋಗುವಾಗ ಒಬ್ಬೊಬ್ಬರು ಒಂದೊಂದು ಚೀಲ ತುಂಬಿಕೊಂಡು ಹೋಗೋಣ. ಹೊಲದಲ್ಲಿ ನಾಲ್ಕು ಸಾಲಿಗೆ ಹೊಡೆದು ನಾಲ್ಕು ಸಾಲನ್ನು ಬಿಡೋಣ. ಕಂಡದ್ದನ್ನು ಕಂಡ ಹಾಗೆ ಮುಂದಿನ ಸಂಚಿಕೆಗೆ ಬರೆಯೋಣ.